ಬೆಳಕು ಬಿದ್ದರೆ ಪಿಎಚ್ ಏರಿತು: ನೇರಳೆ ಪೊರೆಯ ಜೊತೆ ನನ್ನ ಅನುಭವ

"ಸರ್, ನಿಮ್ಮ ಪಂಪು ಉಲ್ಟಾ ತಿರುಗ್ತಾ ಇದೆ" ಅಂತ ಡಿಪಾರ್ಟ್‌ಮೆಂಟಿನಲ್ಲಿ ಹೆಚ್ಚೂಕಮ್ಮಿ ಎರಡು ವರ್ಷ ನಕ್ಕರು. ಪಂಪು ಅಂದರೆ ಬ್ಯಾಕ್ಟೀರಿಯೊರೊಡಾಪ್ಸಿನ್, ಉಪ್ಪುನೀರಿನ ಒಂದು ಸೂಕ್ಷ್ಮಜೀವಿಯ ನೇರಳೆ ಪೊರೆಯಲ್ಲಿರುವ ಪ್ರೋಟೀನ್. ಬೆಳಕು ಬಿದ್ದರೆ ಅದು ಪ್ರೋಟಾನನ್ನು (ಆಮ್ಲೀಯತೆ ತರುವ ಹೈಡ್ರೋಜನ್ ಅಯಾನ್) ಕೋಶದಿಂದ ಹೊರಗೆ ದಬ್ಬುತ್ತೆ, ಹಾಗಾಗಿ ಹೊರಗಿನ ಪಿಎಚ್ ಇಳೀಬೇಕು. ನನ್ನದು ಏರ್ತಿತ್ತು.

ಆ ಜೀವಿ, ಅಂದರೆ ಹ್ಯಾಲೋಬ್ಯಾಕ್ಟೀರಿಯಂ, ಸಾಕಿದವರಿಗೆ ಉಪ್ಪಿನ ಲೆಕ್ಕ ನಾನು ಹೇಳಬೇಕಿಲ್ಲ. ನನ್ನನ್ನು ಕೆಡವಿದ್ದು ಅದಕ್ಕೆ ಆಹಾರವಾಗಿ ಹಾಕುವ ಪೆಪ್ಟೋನ್. ಅಗ್ಗದ್ದು ತಂದೆ. ಕೆಲವು ಪೆಪ್ಟೋನಿನಲ್ಲಿ ಪಿತ್ತಲವಣ ಉಳಿದಿರುತ್ತೆ, ಅದು ತಾಗಿದರೆ ಈ ಕೋಶಗಳು ಒಡೆದುಹೋಗುತ್ತವೆ. ಮೂರು ಬ್ಯಾಚ್ ಲೋಳೆಲೋಳೆ ಆದಮೇಲೆ ಬುದ್ಧಿ ಬಂತು. ಒಂದೂವರೆ ಸಾವಿರ ಉಳಿಸಲು ಹೋಗಿ ಎಂಟೊಂಬತ್ತು ಸಾವಿರ ಸಿಂಕಿಗೆ ಚೆಲ್ಲಿದೆ, ಎಲ್ಲಾ ಕೈಯಿಂದಲೇ. ಪೊರೆಯನ್ನು ಬೇರ್ಪಡಿಸುವ ಹೈಸ್ಪೀಡ್ ಸೆಂಟ್ರಿಫ್ಯೂಜ್ ನಮ್ಮಲ್ಲಿಲ್ಲ. ಕೋಶಗಳನ್ನು ಐಸ್ ತುಂಬಿದ ಫ್ಲಾಸ್ಕಿನಲ್ಲಿಟ್ಟು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೊತ್ತೆ, ನಾಲ್ಕೈದು ಸಲ.

ನಡುವೆ ಒಂದು ಹುಚ್ಚು. ಸಾಣಿಕಟ್ಟಾದ ಉಪ್ಪಿನ ಆಗರದಿಂದ ಒಂದು ಬಾಟಲಿ ನೀರು ತಂದು ಬೆಳೆಸಿದೆ. ಚಂದದ ಕೆಂಪು ಬಂತು, ನೇರಳೆ ಬರಲಿಲ್ಲ. ಆ ಕೆಂಪು ಕ್ಯಾರೊಟಿನಾಯ್ಡ್ ಅನ್ನೋ ಬಣ್ಣದ ವಸ್ತುವಿನದು, ಪಂಪಿಗೂ ಅದಕ್ಕೂ ಸಂಬಂಧವಿಲ್ಲ. ಬಾಟಲಿ ಇನ್ನೂ ಕಿಟಕಿಯಲ್ಲಿದೆ, ಹುಡುಗರು ಶರಬತ್ತು ಅಂತಾರೆ.

ಇಡೀ ಕೋಶದಲ್ಲಿ ಅಳೆಯುವುದು ರಗಳೆ. ಬೆಳಕು ಬಿದ್ದೊಡನೆ ಬೇರೆ ದಾರಿಗಳಲ್ಲಿ ಪ್ರೋಟಾನ್ ಒಳನುಗ್ಗಿ ಪಿಎಚ್ ಒಮ್ಮೆ ಏರಿ ಆಮೇಲೆ ಇಳಿಯುತ್ತೆ, ಮೇಲಾಗಿ ಅಷ್ಟು ಉಪ್ಪಿನಲ್ಲಿ ಪಿಎಚ್ ಅಳೆಯುವ ಎಲೆಕ್ಟ್ರೋಡ್ ಒಂದೇ ಅಳತೆಯಲ್ಲಿ ನಿಲ್ಲೋದೇ ಇಲ್ಲ. ಅದಕ್ಕೆ 1974ರಲ್ಲಿ ರ‍್ಯಾಕರ್, ಸ್ಟೋಕೆನಿಯಸ್ ಎಂಬ ವಿಜ್ಞಾನಿಗಳು ಹಿಡಿದ ದಾರಿಗೇ ಬಂದೆ: ಸೋಯಾ ಲಿಪಿಡ್ (ಕೊಬ್ಬು), ನೇರಳೆ ಪೊರೆ ಎರಡನ್ನೂ ಸೋನಿಕೇಟರಿನ ಶಬ್ದತರಂಗದಿಂದ ಕದಡಿ ಪುಟ್ಟ ಗುಳ್ಳೆ ಮಾಡೋದು. ಹೀಗೆ ಮಾಡಿದ ಗುಳ್ಳೆಗಳಲ್ಲಿ ಪ್ರೋಟೀನ್ ಬಹುಪಾಲು ಒಳಹೊರಗಾಗಿ ಕೂರುತ್ತೆ. ಪ್ರೋಟಾನ್ ಗುಳ್ಳೆಯೊಳಗೆ ಹೋದರೆ ಹೊರಗಿನ ಪಿಎಚ್ ಏರದೆ ಇನ್ನೇನಾಗಬೇಕು? ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದರೂ ಒಪ್ಪಲಿಲ್ಲ. "ಬಿಸಿಗೆ ಎಲೆಕ್ಟ್ರೋಡ್ ಜರುಗಿದೆ ಅಷ್ಟೇ" ಅಂದರು.

ನಿಜ ಹೇಳಬೇಕೆಂದರೆ ಆ ಮಾತು ಅರ್ಧ ಸರಿ ಇತ್ತು. ಪ್ರೋಟೀನ್ ಹಾಕದ ಗುಳ್ಳೆಗೆ ಸ್ಲೈಡ್ ಪ್ರೊಜೆಕ್ಟರ್ ಬೆಳಕು ಬಿಟ್ಟರೂ ಪಿಎಚ್ ಮೀಟರಿನ ಮುಳ್ಳು ಸ್ವಲ್ಪ ಅಲುಗಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಅಡಿಕೆಗೆ ಬೋರ್ಡೋ ಹೊಡೆಯಲು ಮನೆಯಲ್ಲಿ ತಂದಿಟ್ಟಿದ್ದ ಮೈಲುತುತ್ತ (ತಾಮ್ರದ ಸಲ್ಫೇಟ್) ನೆನಪಾಯಿತು. ಅದರ ತೆಳು ದ್ರಾವಣ ತುಂಬಿದ ಫ್ಲಾಸ್ಕನ್ನು ಬೆಳಕಿಗೆ ಅಡ್ಡ ಇಟ್ಟೆ. ಅದು ಶಾಖ ಹೀರುತ್ತೆ, 568 ನ್ಯಾನೊಮೀಟರ್ ಸುತ್ತಲಿನ ನಮಗೆ ಬೇಕಾದ ಬೆಳಕನ್ನು ಬಿಡುತ್ತೆ. ಖರ್ಚು ಸೊನ್ನೆ. ಬರೀ ಗುಳ್ಳೆಯ ಮುಳ್ಳು ಅಲುಗದೆ ನಿಂತಿತು. ಪ್ರೋಟೀನ್ ಇದ್ದದ್ದು ಸುಮಾರು 0.1 ಏರಿತು, ದೀಪ ಆರಿಸಿದರೆ ಮೂರ್ನಾಲ್ಕು ನಿಮಿಷದಲ್ಲಿ ವಾಪಸ್.

ಬಫರ್ ಹಾಕಬೇಡಿ, ಅದು ಪಿಎಚ್ ಬದಲಾಗದಂತೆ ಹಿಡಿಯುತ್ತೆ; ಬರೀ ಪೊಟ್ಯಾಸಿಯಂ ಕ್ಲೋರೈಡ್ ಸಾಕು. ಪೊಟ್ಯಾಸಿಯಮ್ಮನ್ನು ಪೊರೆ ದಾಟಿಸುವ ವ್ಯಾಲಿನೊಮೈಸಿನ್ ಚೂರು ಸೇರಿಸಿ: ಒಳಗೆ ಕಟ್ಟಿಕೊಂಡ ಧನ ವಿದ್ಯುತ್ತಿಗೆ ಪೊಟ್ಯಾಸಿಯಂ ಹೊರಬಂದು ದಾರಿ ಬಿಡುತ್ತೆ, ಏರಿಕೆ ನನಗೆ ಎರಡು ಪಟ್ಟಿನ ಹತ್ತಿರ ಬಂತು. ಸಿಕ್ಕಾಪಟ್ಟೆ ದುಬಾರಿ, ವಿಷ ಕೂಡ. ಸೋನಿಕೇಟರಿನಲ್ಲಿ ಎಷ್ಟು ಹೊತ್ತು, ಎಷ್ಟು ಬಿಟ್ಟು ಬಿಟ್ಟು ಅನ್ನೋದನ್ನು ಮಾತ್ರ ಕೇಳಬೇಡಿ, ಅದಕ್ಕೆ ಆರು ತಿಂಗಳು ಕೊಟ್ಟಿದ್ದೇನೆ.

ಕೊನೆಗೆ ನಕ್ಕವರನ್ನೇ ಕರೆದು ಅವರ ಕೈಯಲ್ಲೇ ಸಿಸಿಸಿಪಿ ಅನ್ನೋ ರಾಸಾಯನಿಕ ಹಾಕಿಸಿದೆ. ಪೊರೆ ಪ್ರೋಟಾನಿಗೆ ಸೋರಿತು, ಏರಿದ್ದ ಗೆರೆ ದೀಪ ಉರಿಯುತ್ತಿರುವಾಗಲೇ ನೆಲಕ್ಕೆ ಬಿತ್ತು. ಯಾರೂ ಏನೂ ಅನ್ನಲಿಲ್ಲ. ಒಬ್ಬರು ಮೈಲುತುತ್ತ ಎಷ್ಟು ಗ್ರಾಂ ಹಾಕಿದ್ದೆ ಅಂತ ಕೇಳಿ ಬರಕೊಂಡರು.