ಸರಿ ಚಮಚದಿಂದ ಜಾರಬಾರದು

ಆರು ತಿಂಗಳ ಮಗುವಿನ ಹೊಟ್ಟೆ ತೀರಾ ಪುಟ್ಟದು. ನೀರಿನಂಥ ರಾಗಿ ಸರಿ ಕುಡಿಸಿದರೆ ಹೊಟ್ಟೆ ತುಂಬುತ್ತದೆ, ಮಗು ನಿದ್ದೆ ಹೋಗುತ್ತದೆ. ತೂಕ ಮಾತ್ರ ಏರುವುದಿಲ್ಲ. ‘ಗಟ್ಟಿ ಮಾಡಿದ್ರೆ ಜೀರ್ಣ ಆಗಲ್ಲ’ ಎಂದು ಅಜ್ಜಿಯರು ಇನ್ನೊಂದು ಲೋಟ ನೀರು ಸುರಿಯುತ್ತಾರೆ. ಅದರ ಹಿಂದಿರುವುದು ಪ್ರೀತಿಯೇ. ಆದರೆ ಹೀಗೆ ಮಗು ಹೊಟ್ಟೆ ತುಂಬಿಯೂ ಹಸಿದಿರುತ್ತದೆ.

ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು, ನೀರೂ ಬೇಡ. ಅಷ್ಟರ ಹೊತ್ತಿಗೆ ಗರ್ಭದಲ್ಲಿದ್ದಾಗ ಕೂಡಿಟ್ಟುಕೊಂಡ ಕಬ್ಬಿಣದ ಅಂಶ ಕರಗುತ್ತಾ ಬಂದಿರುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ಕಡಿಮೆ, ಹಾಗಾಗಿ ಊಟದಿಂದಲೇ ಬರಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6ರಿಂದ 59 ತಿಂಗಳ ಮಕ್ಕಳ ಪೈಕಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು.

ಮೊದಲು ಹಿಟ್ಟು. ಕಲ್ಲು ಆರಿಸಿ, ನಾಲ್ಕೈದು ಸಲ ತೊಳೆದ ರಾಗಿಯನ್ನು ಒಂದು ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಡಿ. ಒಂದೆರಡು ದಿನಕ್ಕೆ ಬಿಳಿ ಮೊಳಕೆ ಇಣುಕುತ್ತದೆ. ಪೂರ್ತಿ ಗರಿಗರಿಯಾಗುವಂತೆ ಬಿಸಿಲಲ್ಲಿ ಒಣಗಿಸಿ. ತೇವ ಉಳಿದರೆ ಬೂಸ್ಟು ಹಿಡಿಯುತ್ತದೆ. ಅಂಗೈಯಲ್ಲಿ ಉಜ್ಜಿ ಮೊಳಕೆ ತೆಗೆದು, ಸಣ್ಣ ಉರಿಯಲ್ಲಿ ಘಮ ಬರುವಷ್ಟೇ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜಾಲಿಸಿ. ಸೀಯುವಂತೆ ಹುರಿಯಬೇಡಿ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಹಿಟ್ಟು ಜಾಸ್ತಿ ಹಾಕಿದರೂ ಸರಿ ಮುದ್ದೆ ಕಟ್ಟುವುದಿಲ್ಲ, ಪ್ರತಿ ತುತ್ತಿಗೂ ಹೆಚ್ಚು ಶಕ್ತಿ ಸಿಗುತ್ತದೆ. ಅತಿಯಾಗಿ ಹುರಿದರೆ ಆ ಕಿಣ್ವ ಸಾಯುತ್ತದೆ. ನಮ್ಮ ಹಿರಿಯರು ಹೆಸರು ತಿಳಿಯದೆಯೂ ಬಳಸಿಕೊಂಡ ವಿಜ್ಞಾನವಿದು.

ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕೈಯಾಡಿಸುತ್ತಾ ಚೆನ್ನಾಗಿ ಬೇಯಿಸಿ. ಚಮಚ ಓರೆ ಮಾಡಿದರೆ ಸರಿ ಅಂಟಿಕೊಂಡಿರಬೇಕು, ಸುರಿದುಹೋಗಬಾರದು. ಮೇಲೆ ಅರ್ಧ ಚಮಚ ತುಪ್ಪ.

ಇಲ್ಲಿಗೇ ನಿಲ್ಲಿಸುವುದು ದೊಡ್ಡ ತಪ್ಪು. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಕಬ್ಬಿಣ ಅಷ್ಟಿಲ್ಲ, ಇರುವುದನ್ನೂ ರಾಗಿಯಲ್ಲೇ ಇರುವ ಫೈಟೇಟ್ ಮತ್ತು ಟ್ಯಾನಿನ್ ಎಂಬ ಅಂಶಗಳು ಮೈಗೆ ಹತ್ತದಂತೆ ತಡೆಯುತ್ತವೆ. ಒಂದೆರಡು ವಾರದಲ್ಲೇ ನುಣ್ಣಗೆ ಮಸೆದ ಹೆಸರುಬೇಳೆ, ನುಗ್ಗೆಸೊಪ್ಪು, ಕುಂಬಳಕಾಯಿ ಸೇರಿಸಿ, ಎರಡು ಹನಿ ನಿಂಬೆರಸ ಹಿಂಡಿ. ತಿನ್ನುವ ಮನೆಯಾದರೆ ಚೆನ್ನಾಗಿ ಬೇಯಿಸಿದ ಮೊಟ್ಟೆ, ಮೀನು, ಈರಲಿ (ಲಿವರ್) ಕೊಡಿ. ಮೀನು, ಈರಲಿಯ ಕಬ್ಬಿಣ ಸುಲಭವಾಗಿ ಮೈಗೆ ಸೇರುತ್ತದೆ.

ಎರಡು ಮೂರು ಚಮಚದಿಂದ ಶುರು. ಎಂಟು ತಿಂಗಳೊಳಗೆ ದಿನಕ್ಕೆ ಎರಡು ಮೂರು ಸಲ, ಸಲಕ್ಕೆ ಅರ್ಧ ಬಟ್ಟಲು. ಒಂಬತ್ತರಿಂದ ಮೂರು ನಾಲ್ಕು ಸಲ, ಕೈಗೆ ಹಿಡಿದು ತಿನ್ನುವಂಥ ಮೆತ್ತನೆಯ ತುಂಡುಗಳೂ ಇರಲಿ. ಎದೆಹಾಲು ಎರಡು ವರ್ಷ ತುಂಬುವವರೆಗೂ ಮುಂದುವರಿಯಲಿ. ವರ್ಷದೊಳಗೆ ಜೇನು ನೆಕ್ಕಿಸಬೇಡಿ, ನರಗಳನ್ನು ದುರ್ಬಲಗೊಳಿಸುವ ಬಾಟ್ಯುಲಿಸಂ ಎಂಬ ವಿಷಬಾಧೆಯ ಅಪಾಯವಿದೆ. ಹಸುವಿನ ಹಾಲನ್ನು ಊಟವಾಗಿಸಬೇಡಿ. ಅದರಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಉಪ್ಪು, ಸಕ್ಕರೆ, ಬಿಸ್ಕತ್ತು ಬೇಡ. ಸರ್ಕಾರ ಉಚಿತವಾಗಿ ಕೊಡುವ ಕಬ್ಬಿಣದ ಸಿರಪ್ಪನ್ನು ವಾರಕ್ಕೆ ಎರಡು ಬಾರಿ 1 ಮಿ.ಲೀ. ಹಾಕಬೇಕು; ಆಶಾ ಕಾರ್ಯಕರ್ತೆಯರನ್ನು ಕೇಳಿ ಪಡೆಯಿರಿ. ಒಂಬತ್ತನೇ ತಿಂಗಳ ಲಸಿಕೆಯ ಜೊತೆ ಎ ಜೀವಸತ್ವದ ಹನಿ ತಪ್ಪಿಸಬೇಡಿ.

ಸರಿಗಿಂತ ಮುಂಚಿನ ಒಂದು ಮಾತನ್ನು ಹೇಳದೆ ಇರಲಾರೆ. ಬಾಣಂತಿಗೆ ಪಥ್ಯವೆಂದು ಪಾಲಿಶ್ ಮಾಡಿದ ಅಕ್ಕಿಯ ಅನ್ನ, ಸಾರು ಮಾತ್ರ ಬಡಿಸಿ ಬೇಳೆ, ಕಾಳು, ತರಕಾರಿ ಕೈಬಿಡುವ ಮನೆಗಳು ಇನ್ನೂ ಇವೆ. ಆಗ ತಾಯಿಯ ಹಾಲಿನಲ್ಲೇ ಥಯಾಮಿನ್, ಅಂದರೆ ಬಿ1, ಕುಗ್ಗುತ್ತದೆ. ಇಂಥ ತಾಯಂದಿರ ಎಳೆಗೂಸುಗಳಲ್ಲಿ ಹೃದಯ, ಶ್ವಾಸಕೋಶದ ರಕ್ತನಾಳಗಳಿಗೆ ತೊಂದರೆಯಾದ ಪ್ರಕರಣಗಳನ್ನು ಕರ್ನಾಟಕದ ವೈದ್ಯರೇ ದಾಖಲಿಸಿದ್ದಾರೆ. ಸಕಾಲಕ್ಕೆ ಥಯಾಮಿನ್ ಕೊಟ್ಟರೆ ಬೇಗ ಚೇತರಿಕೆ ಕಾಣುತ್ತದೆ. ಎರಡು ಮೂರು ತಿಂಗಳ ಕೂಸು ಹಾಲು ಬಿಟ್ಟು, ದನಿ ಗೊಗ್ಗರಾಗಿ, ಏದುಸಿರು ಬಿಡುತ್ತಿದ್ದರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ವೈದ್ಯರು ಕೇಳುವ ಮೊದಲೇ ಬಾಣಂತಿ ಏನು ಉಣ್ಣುತ್ತಿದ್ದಾಳೆಂದು ತಿಳಿಸಿ.