ಗುಟ್ಟು ಬಿಟ್ಟುಕೊಡದೆ ಅಭಿಪ್ರಾಯ ಬರೆಯುವುದು ಹೇಗೆ: ವಿಕ್ಟೋರಿಯಾ ಕಾಲದ ಪತ್ತೇದಾರಿ ಕಾದಂಬರಿಗಳ ಓದುಗರಿಗೆ

ಪತ್ತೇದಾರಿ ಕಾದಂಬರಿಯ ಬಗ್ಗೆ ಅಭಿಪ್ರಾಯ ಬರೆಯಲು ಕೂತವರಿಗೆ ಬೇರೆ ಪುಸ್ತಕಗಳ ಓದುಗರಿಗಿಲ್ಲದ ಒಂದು ಕಟ್ಟುಪಾಡಿದೆ. ತಮ್ಮ ಮೆಚ್ಚುಗೆಗೋ ಬೇಸರಕ್ಕೋ ಮೂಲ ಕಾರಣವಾದ ಸಂಗತಿಯನ್ನೇ ಅವರು ಬಾಯಿಬಿಟ್ಟು ಹೇಳುವಂತಿಲ್ಲ. ಕೊಂದವರು ಯಾರು, ಸುಳಿವು ಎಲ್ಲಿತ್ತು ಎಂಬುದನ್ನು ಹೇಳಿಬಿಟ್ಟರೆ ಮುಂದೆ ಓದುವವರ ಸುಖವನ್ನು ಕಿತ್ತುಕೊಂಡಂತಾಗುತ್ತದೆ; ಹೇಳದೇ ಉಳಿದರೆ ‘ಓದಿಸಿಕೊಂಡು ಹೋಗುತ್ತದೆ’ ಎಂಬ ಸವಕಲು ಮಾತಿನಾಚೆ ಬರಹ ಬೆಳೆಯುವುದಿಲ್ಲ. ಈ ಇಕ್ಕಟ್ಟಿನ ನಡುವೆಯೂ ಗಟ್ಟಿಯಾದ ಅಭಿಪ್ರಾಯವನ್ನು ಬರೆಯಲು ಸಾಧ್ಯವಿದೆ. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಇಂಗ್ಲೆಂಡಿನಲ್ಲಿ, ಅಂದರೆ 1837ರಿಂದ 1901ರವರೆಗಿನ ಅವಧಿಯಲ್ಲಿ ನಡೆಯುವ ‘ಕೋಜಿ ಮಿಸ್ಟರಿ’ಗಳನ್ನು ವರ್ಷಗಳಿಂದ ಓದುತ್ತ, ಅವುಗಳ ಬಗ್ಗೆ ಬರೆಯುತ್ತ ನಾನು ಕಂಡುಕೊಂಡ ಕ್ರಮವನ್ನು ಇಲ್ಲಿ ಹೇಳುತ್ತೇನೆ.

ಮೊದಲು ಈ ಬಗೆಯ ಕಾದಂಬರಿ ಓದುಗರಿಗೆ ಏನು ಮಾತು ಕೊಡುತ್ತದೆ ಎಂಬುದನ್ನು ತಿಳಿದಿರಬೇಕು. ಕೋಜಿ ಎಂದರೆ ಬೆಚ್ಚಗಿನದು. ಇಲ್ಲಿ ಕೊಲೆ ನಡೆದರೂ ನೆತ್ತರು ಕಣ್ಣಿಗೆ ಬೀಳುವುದಿಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲ ಒಂದು ಹಳ್ಳಿಯೋ ಬೀದಿಯೋ ಮನೆಯೋ ಇರುತ್ತದೆ. ಪತ್ತೆಗೆ ಇಳಿಯುವವರು ಹೆಚ್ಚಾಗಿ ಪೊಲೀಸರಲ್ಲ, ಕುತೂಹಲವೂ ಲೋಕಜ್ಞಾನವೂ ಇರುವ ಸಾಮಾನ್ಯರು. ಕೊನೆಗೆ ಊರು ಮತ್ತೆ ತನ್ನ ಪಾಡಿಗೆ ಮರಳುತ್ತದೆ. ಇಂಥ ಪುಸ್ತಕದಲ್ಲಿ ಭೀಕರತೆ ಸಾಲದೆಂದು ಬರೆಯುವುದು ಉಪ್ಪಿಟ್ಟಿಗೆ ಸಿಹಿ ಸಾಲದೆಂದು ದೂರಿದಂತೆ. ಪುಸ್ತಕವು ತಾನು ಕೊಟ್ಟ ಮಾತನ್ನು ಉಳಿಸಿಕೊಂಡಿತೇ ಎಂಬುದನ್ನು ಮೊದಲು ನೋಡಬೇಕು. ನಮಗೆ ಇಂಥ ಕಾದಂಬರಿಗಳೇ ಹಿಡಿಸುವುದಿಲ್ಲವಾದರೆ ಅದನ್ನು ಮೊದಲ ಸಾಲಿನಲ್ಲೇ ಹೇಳಿ, ಅನಂತರ ಈ ಪುಸ್ತಕದ ಗುಣದೋಷಕ್ಕೆ ಬರುವುದು ಪ್ರಾಮಾಣಿಕತೆ.

ಅಭಿಪ್ರಾಯದ ಕೆಲಸ ಶುರುವಾಗುವುದು ಓದುವಾಗಲೇ ಹೊರತು ಓದಿ ಮುಗಿಸಿದ ಮೇಲಲ್ಲ. ನಾನು ಪುಸ್ತಕದ ಪಕ್ಕದಲ್ಲಿ ಒಂದು ಹಳೆಯ ಡೈರಿ ಇಟ್ಟುಕೊಂಡಿರುತ್ತೇನೆ. ಕತೆ ಅರ್ಧಕ್ಕೆ ಬಂದಾಗ ಓದು ನಿಲ್ಲಿಸಿ, ಆ ಹೊತ್ತಿನಲ್ಲಿ ನನಗೆ ಯಾರ ಮೇಲೆ ಅನುಮಾನ, ಯಾವ ಪುಟದ ಯಾವ ಮಾತಿನಿಂದ ಆ ಅನುಮಾನ ಹುಟ್ಟಿತು ಎಂಬುದನ್ನು ಎರಡು ಸಾಲಿನಲ್ಲಿ ಬರೆಯುತ್ತೇನೆ. ಮುಗಿಸಿದ ಮೇಲೆ ‘ನನಗೆ ಮೊದಲೇ ಗೊತ್ತಿತ್ತು’ ಎಂದು ಮನಸ್ಸು ಸುಳ್ಳು ಹೇಳುವುದು ಬಹಳ ಸುಲಭ. ಡೈರಿಯ ಆ ಎರಡು ಸಾಲು ಅದಕ್ಕೆ ಅವಕಾಶ ಕೊಡುವುದಿಲ್ಲ. ಕೊನೆಯ ಪುಟವಾದ ಮೇಲೆ ಒಂದು ದಿನ ಬಿಟ್ಟು ಮೊದಲ ಮೂರು ನಾಲ್ಕು ಅಧ್ಯಾಯಗಳನ್ನು ಮತ್ತೆ ಓದುತ್ತೇನೆ. ಈ ಎರಡನೆಯ ಓದನ್ನು ಯಾರೂ ಬಿಡಬಾರದು. ಸುಳಿವುಗಳನ್ನು ಲೇಖಕರು ನಿಜವಾಗಿಯೂ ನಮ್ಮ ಕಣ್ಣೆದುರು ಇಟ್ಟಿದ್ದರೇ, ಅಥವಾ ಕೊನೆಯಲ್ಲಿ ಜೇಬಿನಿಂದ ತೆಗೆದು ತೋರಿಸಿದರೇ ಎಂಬುದು ಗೊತ್ತಾಗುವುದು ಇಲ್ಲಿ ಮಾತ್ರ.

ಇದನ್ನೇ ನಾನು ನ್ಯಾಯ ಎಂದು ಕರೆಯುತ್ತೇನೆ, ಮತ್ತು ಇಡೀ ಅಭಿಪ್ರಾಯ ನಿಲ್ಲಬೇಕಾದದ್ದು ಇದರ ಮೇಲೆಯೇ ಎಂದು ನಂಬಿದ್ದೇನೆ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. 1874ರ ಬಾತ್ ನಗರ. ವಿಧವೆಯೊಬ್ಬರ ಮನೆಯಲ್ಲಿ ಬಾಡಿಗೆಗಿದ್ದ ನಿವೃತ್ತ ಸೇನಾಧಿಕಾರಿ ರಾತ್ರಿಯೂಟದ ನಂತರ ಹೊಟ್ಟೆ ಹಿಡಿದುಕೊಂಡು ಸಾಯುತ್ತಾರೆ. ಮೂರನೆಯ ಅಧ್ಯಾಯದಲ್ಲಿ, ಸಾವಿಗೆ ಮುಂಚೆ, ಅಡುಗೆಯವಳು ಕೆಲಸದ ಹುಡುಗಿಯನ್ನು ಬೈಯುತ್ತಿರುತ್ತಾಳೆ: ಬಟ್ಟೆಗೆ ನೀಲಿ ಹಾಕಿದ ಕೈಯಲ್ಲೇ ಹಾಲಿನ ಪಾಯಸದ ಬಟ್ಟಲು ಮುಟ್ಟಿದ್ದಾಳೆ, ಅಂಚಿನಲ್ಲಿ ನೀಲಿ ಛಾಯೆ ಕೂತಿದೆ ಎಂದು. ನಾವು ನಕ್ಕು ಮುಂದೆ ಹೋಗುತ್ತೇವೆ. ಆದರೆ ಬ್ರಿಟನ್ನಿನಲ್ಲಿ 1851ರ ಕಾನೂನಿನ ಪ್ರಕಾರ ಚಿಲ್ಲರೆಯಾಗಿ ಮಾರುವ ಬಿಳಿ ಪಾಷಾಣಕ್ಕೆ, ಅಂದರೆ ಆರ್ಸೆನಿಕ್ ವಿಷಕ್ಕೆ, ಮಸಿಯನ್ನೋ ನೀಲಿಯನ್ನೋ ಬೆರೆಸಲೇಬೇಕಿತ್ತು. ಹಿಟ್ಟು, ಸಕ್ಕರೆಯೆಂದು ಯಾರೂ ಮೋಸಹೋಗಬಾರದೆಂಬುದೇ ಅದರ ಉದ್ದೇಶ. ಕೊಂಡವರ ಹೆಸರು, ವಿಳಾಸ, ಯಾವ ಕೆಲಸಕ್ಕೆ ಬೇಕು ಎಂಬ ವಿವರವನ್ನು ಅಂಗಡಿಯವರು ದಫ್ತರದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಬೇಕಿತ್ತು. ಈಗ ಆ ನೀಲಿ ಛಾಯೆ ಏನೆಂಬುದು ಹೊಳೆಯುತ್ತದೆ.

ಈ ಕಾನೂನಿನ ವಿಷಯವನ್ನು ಕಾದಂಬರಿ ಎಲ್ಲಿಯಾದರೂ, ಔಷಧದ ಅಂಗಡಿಯ ಮಾತುಕತೆಯಲ್ಲಿ ಆದರೂ ಸರಿ, ಮೊದಲೇ ಓದುಗರ ಕಿವಿಗೆ ಹಾಕಿದ್ದರೆ ಅದು ನ್ಯಾಯವಾದ ಸುಳಿವು. ಕೊನೆಯ ಅಧ್ಯಾಯದಲ್ಲಿ ಮೊದಲ ಬಾರಿಗೆ ಹೇಳಿದ್ದರೆ ಅದು ಮೋಸ. ಎರಡರಲ್ಲಿ ಯಾವುದೆಂದು ಬರೆಯಬೇಕು, ಆದರೆ ನೀಲಿಯ ಮಾತೆತ್ತಬಾರದು. ‘ಪರಿಹಾರಕ್ಕೆ ಬೇಕಾದ ಎಲ್ಲ ಸಂಗತಿಗಳೂ ಪುಸ್ತಕದ ಮೊದಲರ್ಧದಲ್ಲೇ ಇವೆ, ಎರಡನೆಯ ಬಾರಿ ಓದಿದಾಗ ನಾನು ಕಾಣದೇ ಹೋದದ್ದು ನನ್ನ ತಪ್ಪೇ ಹೊರತು ಲೇಖಕರದ್ದಲ್ಲ ಎಂದು ಒಪ್ಪಿಕೊಂಡೆ’ ಎಂದು ಬರೆದರೆ ಸಾಕು. ಓದುಗರಿಗೆ ಪುಸ್ತಕದ ಪ್ರಾಮಾಣಿಕತೆ ತಿಳಿಯಿತು, ಗುಟ್ಟು ಗುಟ್ಟಾಗಿಯೇ ಉಳಿಯಿತು. ‘ಅಡುಗೆಮನೆಯ ದೃಶ್ಯಗಳನ್ನು ಗಮನವಿಟ್ಟು ಓದಿ’ ಎಂದು ಸಲಹೆ ಕೊಟ್ಟರೆ, ಒಳ್ಳೆಯ ಉದ್ದೇಶದಿಂದಲೇ ಆದರೂ, ಕೆಲಸ ಕೆಡುತ್ತದೆ.

ಗುಟ್ಟು ಸೋರುವ ದಾರಿಗಳು ನಾವು ಎಣಿಸುವುದಕ್ಕಿಂತ ಹೆಚ್ಚು. ‘ಕೊನೆಯ ತಿರುವನ್ನು ಯಾರೂ ಊಹಿಸಲಾರರು’ ಎಂದು ಹೊಗಳಿದ ಕೂಡಲೇ ಓದುಗರು ಎದ್ದುಕಾಣುವ ಶಂಕಿತರನ್ನೆಲ್ಲ ಪಟ್ಟಿಯಿಂದ ಹೊಡೆದುಹಾಕುತ್ತಾರೆ. ಎರಡೇ ದೃಶ್ಯಗಳಲ್ಲಿ ಬರುವ ಪಾದ್ರಿಯ ಪಾತ್ರಚಿತ್ರಣವನ್ನು ವಿಶೇಷವಾಗಿ ಮೆಚ್ಚಿದರೆ ಆ ಪಾದ್ರಿಗೆ ಕತೆಯಲ್ಲಿ ದೊಡ್ಡ ಕೆಲಸವಿದೆ ಎಂದು ಸಾರಿದಂತೆ. ಕೊನೆಯ ಉಪಾಯಕ್ಕೇ ಹೆಸರಾದ ಇನ್ನೊಂದು ಕಾದಂಬರಿಯ ಜೊತೆ ಹೋಲಿಸುವುದಂತೂ ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಒಂದೇ ಸಾಲಿನಲ್ಲಿ ಎರಡು ಪುಸ್ತಕಗಳು ಹಾಳಾಗುತ್ತವೆ. ಮೊದಲ ಕಾಲುಭಾಗದಲ್ಲಿ ನಡೆಯುವುದನ್ನು ಮಾತ್ರ ಕತೆಯ ಸಾರಾಂಶದಲ್ಲಿ ಹೇಳುವುದು, ಅಲ್ಲಿಂದಾಚೆಗಿನದ್ದನ್ನು ಗುಣದ ಮಾತಿನಲ್ಲಿ ಮಾತ್ರ ಹೇಳುವುದು ಎಂಬ ಗೆರೆಯನ್ನು ನಾನು ಹಾಕಿಕೊಂಡಿದ್ದೇನೆ.

ಇನ್ನು ಕಾಲದ ಪರೀಕ್ಷೆ. ಇಂಥ ಕಾದಂಬರಿಗಳಲ್ಲಿ ಹೆಚ್ಚಿನವು ಇಂದಿನ ಲೇಖಕರು ಅಂದಿನ ಕಾಲದ ಬಗ್ಗೆ ಬರೆದವು. ಹಾಗಾಗಿ ಆ ಕಾಲ ಬರಿಯ ಅಲಂಕಾರವಾಗಿದೆಯೇ, ಕತೆಯೊಳಗೆ ಕೆಲಸ ಮಾಡುತ್ತಿದೆಯೇ ಎಂದು ಕೇಳಿಕೊಳ್ಳಬೇಕು. ಗ್ಯಾಸ್ ದೀಪ, ಮಂಜು, ಕುದುರೆಗಾಡಿಯ ಸದ್ದು ಇವಿಷ್ಟರಿಂದ ವಿಕ್ಟೋರಿಯಾ ಕಾಲ ಮೈದಾಳುವುದಿಲ್ಲ. ಕೆಲವು ವರ್ಷಗಳು ತಲೆಯಲ್ಲಿದ್ದರೆ ಓದು ಚುರುಕಾಗುತ್ತದೆ: ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ಹುಟ್ಟಿದ್ದು 1829ರಲ್ಲಿ, ಅದರಲ್ಲಿ ಪತ್ತೇದಾರರ ಸಣ್ಣ ಶಾಖೆ ಸೇರಿದ್ದು 1842ರಲ್ಲಿ, ಸಿಐಡಿ ಆದದ್ದು 1878ರಲ್ಲಿ, ನೆಲದಡಿಯ ರೈಲು ಓಡಿದ್ದು 1863ರಲ್ಲಿ, ಇಂಗ್ಲೆಂಡಿನಲ್ಲಿ ಬಂಧಿಸುವ ಅಧಿಕಾರವುಳ್ಳ ಮೊದಲ ಮಹಿಳಾ ಪೊಲೀಸ್ ಬಂದದ್ದು 1915ರಲ್ಲಿ. ಬೆರಳಚ್ಚಿನ ಕತೆ ನಮಗೆ ಇನ್ನೂ ಹತ್ತಿರದ್ದು. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ಒಪ್ಪಂದಪತ್ರವೊಂದಕ್ಕೆ ಕೈಯ ಅಚ್ಚು ಹಾಕಿಸಿಕೊಂಡ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಆರಂಭವಾಯಿತು. ಲಂಡನ್ ಪೊಲೀಸರ ಕೇಂದ್ರ ಕಚೇರಿಯಾದ ಸ್ಕಾಟ್‌ಲೆಂಡ್ ಯಾರ್ಡಿನಲ್ಲಿ ಅಂಥದ್ದು ತೆರೆದದ್ದು 1901ರ ಜುಲೈನಲ್ಲಿ, ರಾಣಿ ತೀರಿಕೊಂಡು ಕೆಲವು ತಿಂಗಳಾದ ಮೇಲೆ. 1880ರ ಲಂಡನ್ನಿನಲ್ಲಿ ಬೆರಳಚ್ಚಿನಿಂದ ಅಪರಾಧಿ ಸಿಕ್ಕಿಬಿದ್ದರೆ ಪುಸ್ತಕದ ಅಡಿಪಾಯವೇ ಅಲುಗಾಡಿದಂತೆ.

ಹಾಗೆಂದು ಅಭಿಪ್ರಾಯವನ್ನು ತಪ್ಪುಗಳ ಪಟ್ಟಿಯಾಗಿಸಬಾರದು. ಗೌನಿನ ಗುಂಡಿ ಹತ್ತು ವರ್ಷ ಆಚೀಚೆಯದಾಗಿದ್ದರೆ ಕತೆಗೆ ನಷ್ಟವಿಲ್ಲ. ಒಗಟು ಬಿಡಿಸುವ ದಾರಿಯಲ್ಲೇ ತಪ್ಪು ಕೂತಿದ್ದರೆ ಮಾತ್ರ ಹೇಳಬೇಕು, ಹೇಳುವಾಗ ಎಷ್ಟು ಖಚಿತವೋ ಅಷ್ಟನ್ನೇ ಹೇಳಬೇಕು.

ವರ್ಷಗಳಿಗಿಂತ ಮುಖ್ಯವಾದದ್ದು ಮನುಷ್ಯರ ನಡುವಿನ ಏರ್ಪಾಡು, ಅದರಲ್ಲೂ ಆಳುಗಳ ಪ್ರಪಂಚ. ಆ ಕಾಲದ ದೊಡ್ಡ ಮನೆಯಲ್ಲಿ ಅಡುಗೆಯವಳನ್ನೂ ಮನೆಯ ಉಸ್ತುವಾರಿಯವಳನ್ನೂ, ಮದುವೆಯಾಗದಿದ್ದರೂ, ಗೌರವಕ್ಕಾಗಿ ‘ಮಿಸೆಸ್’ ಎಂದೇ ಕರೆಯುತ್ತಿದ್ದರು. ಗಂಡಾಳುಗಳ ಮುಖ್ಯಸ್ಥನಾದ ಬಟ್ಲರನನ್ನು ಯಜಮಾನರು ಬರಿಯ ಮನೆತನದ ಹೆಸರಿನಿಂದ ಕರೆಯುತ್ತಿದ್ದರು. ಇಂಥ ಒಂದು ಸಂಬೋಧನೆ ಸರಿಯಾಗಿ ಬಿದ್ದರೆ ಮನೆಯ ಮೇಲಂತಸ್ತು, ಕೆಳಗಿನ ಅಡುಗೆಮನೆ ಎರಡೂ ಕಣ್ಣಿಗೆ ಕಟ್ಟುತ್ತವೆ. ಹಾಗೆಯೇ ಕೊಲೆಯ ಉದ್ದೇಶ ಆ ಕಾಲದ ಕಾನೂನಿನಿಂದ ಹುಟ್ಟಿದೆಯೇ ನೋಡಿ. ಮದುವೆಯಾದ ಹೆಂಗಸರ ಆಸ್ತಿಯ ಬಗ್ಗೆ 1870ರ ಮತ್ತು 1882ರ ಕಾನೂನುಗಳು ಬರುವ ಮುಂಚೆ, ಬೇರೆ ಏರ್ಪಾಡು ಮಾಡಿಕೊಳ್ಳದ ಹೆಣ್ಣು ಮದುವೆಯಾದ ಕೂಡಲೇ ಅವಳ ಹಣ, ಒಡವೆ, ದುಡಿಮೆ ಗಂಡನ ಪಾಲಾಗುತ್ತಿದ್ದವು. 1865ರಲ್ಲಿ ನಡೆಯುವ ಕತೆಯಲ್ಲಿ ಶ್ರೀಮಂತ ಹೆಣ್ಣೊಬ್ಬಳು ಮದುವೆಗೆ ಹಿಂಜರಿಯುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಅದನ್ನು ಬಳಸಿಕೊಳ್ಳುವ ಲೇಖಕರನ್ನು ಮನಸಾರೆ ಮೆಚ್ಚಬೇಕು. ಇದಕ್ಕೆ ಬದಲಾಗಿ ನಾಯಕಿ ಇಂದಿನ ಮಾತುಗಳನ್ನೇ ಆಡುತ್ತ, ಯಾರಿಂದಲೂ ಯಾವ ಅಡ್ಡಿಯೂ ಇಲ್ಲದೆ ಶವಪರೀಕ್ಷೆಯ ಕೋಣೆಯವರೆಗೂ ನಡೆದುಹೋದರೆ, ಅವಳ ಜಾಣತನಕ್ಕೆ ಬೆಲೆಯೇ ಇರುವುದಿಲ್ಲ. ಅಡ್ಡಿಗಳಿದ್ದಾಗಲೇ ಅವನ್ನು ದಾಟುವ ಬುದ್ಧಿ ಕಾಣುವುದು. ಇದನ್ನು ಒಂದು ದೃಶ್ಯದ ಉದಾಹರಣೆಯೊಂದಿಗೆ ಬರೆದರೆ ನಂಬುವಂತಿರುತ್ತದೆ.

ಕನ್ನಡದ ಓದುಗರು ಈ ಪುಸ್ತಕಗಳ ಬಗ್ಗೆ ಬರೆಯುವಾಗ ಇನ್ನೊಂದು ಮಾತನ್ನು ಹಿಂಜರಿಕೆಯಿಲ್ಲದೆ ಸೇರಿಸಬಹುದು. ಇಂಗ್ಲಿಷಿನ ಮೊದಮೊದಲ ಪತ್ತೇದಾರಿ ಕಾದಂಬರಿಗಳಲ್ಲಿ ಮುಖ್ಯವಾದ, ವಿಲ್ಕಿ ಕಾಲಿನ್ಸ್ 1868ರಲ್ಲಿ ಪ್ರಕಟಿಸಿದ ‘ದಿ ಮೂನ್‌ಸ್ಟೋನ್’ ಆರಂಭವಾಗುವುದೇ ನಮ್ಮ ಶ್ರೀರಂಗಪಟ್ಟಣದಲ್ಲಿ. 1799ರ ಮೇ 4ರಂದು ಕೋಟೆ ಬಿದ್ದ ದಿನದ ಲೂಟಿಯಲ್ಲಿ ಒಬ್ಬ ಬ್ರಿಟಿಷ್ ಅಧಿಕಾರಿ ವಜ್ರವನ್ನು ಕಸಿದುಕೊಳ್ಳುತ್ತಾನೆ. ಮುಂದಿನ ಒಗಟು ಇಂಗ್ಲೆಂಡಿನ ಯಾರ್ಕ್‌ಷೈರಿನ ಮನೆಯೊಂದರಲ್ಲಿ ಶುರುವಾಗಿ ಲಂಡನ್ನಿನವರೆಗೂ ಹರಡುತ್ತದೆ. ಇಂದಿನ ಕಾದಂಬರಿಗಳಲ್ಲೂ ‘ಭಾರತದಿಂದ ಬಂದ’ ಹರಳು, ಕಠಾರಿ, ವಿಷ, ನಿವೃತ್ತ ಕರ್ನಲ್ ಪದೇ ಪದೇ ಬರುತ್ತಾರೆ. ಆ ವಸ್ತು ಯಾರಿಂದ ಹೇಗೆ ಬಂತೆಂಬ ಪ್ರಶ್ನೆಯನ್ನು ಪುಸ್ತಕ ಎತ್ತುತ್ತದೆಯೇ, ಅಥವಾ ನಿಗೂಢತೆಯ ಒಗ್ಗರಣೆಗೆಂದು ಮಾತ್ರ ಬಳಸುತ್ತದೆಯೇ ಎಂಬುದನ್ನು ಕಾವೇರಿಯ ಈ ದಡದಲ್ಲಿ ನಿಂತವರು ಸಹಜವಾಗಿಯೇ ಗಮನಿಸುತ್ತಾರೆ. ನಾನು ಅದನ್ನು ಗಮನಿಸಿದಾಗಲೆಲ್ಲ ಬರೆಯುತ್ತೇನೆ. ನನ್ನ ಓದಿಗೆ ಅದು ಹೊರಗಿನ ವಿಷಯವಲ್ಲ.

ಬರೆಯುವ ಕ್ರಮ ಸರಳ. ಕತೆ ಎಲ್ಲಿ, ಯಾವ ವರ್ಷ, ಪತ್ತೆಗೆ ಇಳಿದವರು ಯಾರು ಎಂಬುದಕ್ಕೆ ಎರಡು ವಾಕ್ಯ. ನ್ಯಾಯದ ಬಗ್ಗೆ ಒಂದು ಪ್ಯಾರಾ. ಕಾಲ ಮತ್ತು ಮನುಷ್ಯರ ಬಗ್ಗೆ ಇನ್ನೊಂದು. ಸರಣಿಯ ನಡುವಿನ ಪುಸ್ತಕವಾದರೆ ಹಿಂದಿನವನ್ನು ಓದದೆ ಅರ್ಥವಾಗುತ್ತದೆಯೇ ಎಂಬ ಒಂದು ಮಾತು. ನಕ್ಷತ್ರಗಳ ಲೆಕ್ಕ ಕೊಡುವುದು ಬಿಡುವುದು ನಿಮ್ಮಿಷ್ಟ. ‘ನಡುವೆ ಸ್ವಲ್ಪ ಬೋರು’ ಎಂದು ಬರೆಯುವ ಬದಲು ‘ಎರಡನೆಯ ವಿಚಾರಣೆಯಲ್ಲಿ ಸಾಕ್ಷಿಗಳು ನಮಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತಾರೆ, ಇಪ್ಪತ್ತು ಪುಟ ಕತೆ ಕದಲುವುದಿಲ್ಲ’ ಎಂದು ಬರೆದರೆ ಓದುಗರು ತಮಗೆ ಅದು ತೊಂದರೆಯೋ ಅಲ್ಲವೋ ಎಂದು ತಾವೇ ತೀರ್ಮಾನಿಸಬಲ್ಲರು.

ನಮ್ಮ ಓದುಗರ ಬಳಗದಲ್ಲಿ ಒಮ್ಮೆ ನಾನೇ ಒಂದು ಕಾದಂಬರಿಯ ವೈದ್ಯರ ಬಗ್ಗೆ ಬಹಳ ಎಚ್ಚರಿಕೆಯಿಂದ, ಹೆಸರು ಹೇಳದೆ ಮಾತಾಡಿದ್ದೆ. ಪುಸ್ತಕ ಇನ್ನೂ ತೆರೆಯದಿದ್ದ ಹಿರಿಯರೊಬ್ಬರು ಮರುದಿನ ಫೋನು ಮಾಡಿ, ‘ಹಾಗಾದರೆ ಡಾಕ್ಟರೇ ತಾನೇ ಮಾಡಿದ್ದು?’ ಎಂದು ಕೇಳಿದರು. ಅವರ ದನಿಯಲ್ಲಿದ್ದ ನಿರಾಸೆ ನನಗೆ ಇಂದಿಗೂ ನೆನಪಿದೆ. ಅಂದಿನಿಂದ ಅಭಿಪ್ರಾಯವನ್ನು ಪ್ರಕಟಿಸುವ ಮುನ್ನ ಪುಸ್ತಕ ಓದಿರದ ಒಬ್ಬರ ಕೈಗೆ ಕೊಟ್ಟು, ಇದನ್ನು ಓದಿ ನಿಮಗೆ ಯಾರ ಮೇಲೆ ಅನುಮಾನ ಬರುತ್ತದೆ ಎಂದು ಕೇಳುತ್ತೇನೆ. ಅವರು ಸರಿಯಾದ ಹೆಸರು ಹೇಳಿದರೆ, ಹೇಗೆ ಹೊಳೆಯಿತೆಂದು ವಿಚಾರಿಸಿ, ಆ ಸಾಲನ್ನು ತೆಗೆದು ಮತ್ತೆ ಬರೆಯುತ್ತೇನೆ.