ಹೂಳುವ ಮೊದಲು ಅರ್ಧ ದಿನ

ಮೊದಲನೆಯ ತಿಮಿಂಗಿಲವನ್ನು ನಾನು ಸರಿಯಾಗಿ ನೋಡಲೇ ಇಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಉತ್ತರಕ್ಕೆ, ಶಿರಿಯ ಹೊಳೆ ಕಡಲು ಸೇರುವ ಕಡೆ, ಮಳೆಗಾಲ ಮುಗಿಯುತ್ತ ಬಂದಿದ್ದ ದಿನಗಳು. ಇಪ್ಪತ್ತು ವರ್ಷ ದನ, ಆಡು, ನಾಯಿಗಳಿಗೆ ಮದ್ದು ಕೊಟ್ಟವನು ನಾನು. ಕರೆ ಬಂತೆಂದು ಹೋದರೆ ಮರಳಿನ ಮೇಲೆ ಹನ್ನೊಂದು ಮೀಟರಿನ ದೇಹ ಊದಿಕೊಂಡು ಬಿದ್ದಿದೆ, ನಾಲಿಗೆ ಹೊರಚಾಚಿದೆ, ಸುತ್ತ ಜಾತ್ರೆಯಷ್ಟು ಜನ. ಜೆಸಿಬಿ ಆಗಲೇ ಬಂದು ನಿಂತಿತ್ತು. ಆ ನಾತದಲ್ಲಿ ಎಲ್ಲರಿಗೂ ಬೇಕಿದ್ದದ್ದು ಒಂದೇ, ಬೇಗ ಹೂಳುವುದು. ನನಗೂ ಅದೇ. ಉದ್ದ ಅಳೆದೆ, ಚರ್ಮದ ಒಂದು ಚೂರು ತೆಗೆದೆ, ಸಾವಿನ ಕಾರಣ ಎಂಬಲ್ಲಿ ‘ಸ್ವಾಭಾವಿಕ’ ಎಂದು ಬರೆದು ಸಹಿ ಹಾಕಿದೆ.

ವಾರ ಕಳೆದ ಮೇಲೆ ಮೀನು ಮಾರುಕಟ್ಟೆಯಲ್ಲಿ ಹಿರಿಯ ಮೊಗವೀರರೊಬ್ಬರು ಸಿಕ್ಕಿದರು. “ಡಾಕ್ಟ್ರೇ, ಬಾಲದ ಬುಡದಲ್ಲಿ ಹಗ್ಗ ಕೊಯ್ದ ಗಾಯ ಇತ್ತಲ್ಲ, ಅದು ಎಂತದ್ದು?” ಅವರು ನೋಡಿದ್ದು ದೇಹ ಇನ್ನೂ ತೆರೆಯಲ್ಲಿ ಹೊರಳುತ್ತಿದ್ದಾಗ. ನಾನು ಹೋಗುವಷ್ಟರಲ್ಲಿ ಆ ಮಗ್ಗುಲು ಮರಳಿನಡಿಗೆ ಹೋಗಿತ್ತು. ತಿರುಗಿಸಿ ನೋಡಬೇಕೆಂದು ನನಗೆ ಹೊಳೆದಿರಲಿಲ್ಲ. ನನ್ನ ‘ಸ್ವಾಭಾವಿಕ’ ಎಂಬ ಪದ ಈಗಲೂ ಯಾವುದೋ ಕಡತದಲ್ಲಿದೆ. ಅದನ್ನು ನೆನೆದಾಗಲೆಲ್ಲ ಸಂಕಟವಾಗುತ್ತದೆ.

ಅಲ್ಲಿಂದ ಕಲಿಯತೊಡಗಿದೆ. ಈಗ ಕರೆ ಬಂದರೆ ಮೊದಲ ಮಾತು ಜೆಸಿಬಿ ಚಾಲಕನ ಜೊತೆ: ಗುಂಡಿ ತೋಡು, ಆದರೆ ಅರ್ಧ ದಿನ ಕಾಯು, ಮತ್ತು ಇದನ್ನು ಮೆಲ್ಲಗೆ ಮಗುಚಿಕೊಡು. ಎರಡೂ ಮಗ್ಗುಲು ಕಾಣದೆ ಏನನ್ನೂ ಬರೆಯುವುದಿಲ್ಲ. ಉದ್ದವನ್ನು ಮೇಲ್ದವಡೆಯ ತುದಿಯಿಂದ ಬಾಲದ ನಡುವಿನ ಕಚ್ಚಿನವರೆಗೆ ನೇರ ಗೆರೆಯಲ್ಲಿ ಅಳೆಯುತ್ತೇನೆ, ಮೈಯ ಉಬ್ಬಿನ ಮೇಲೆ ಟೇಪು ಹಾಯಿಸಿದರೆ ಲೆಕ್ಕ ತಪ್ಪುತ್ತದೆ. ತಲೆಯ ಮೇಲೆ ಮೂರು ಏಣುಗಳಿದ್ದರೆ ಅದು ಬ್ರೈಡ್ಸ್ ತಿಮಿಂಗಿಲ. ನಮ್ಮ ಕರಾವಳಿಗೆ ಹೆಚ್ಚಾಗಿ ಬಂದು ಬೀಳುವುದು ಅದೇ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ವಿಜ್ಞಾನಿಗಳು ಎರಡು ದಶಕಗಳನ್ನು ಹೋಲಿಸಿದಾಗ, 2004–2013ಕ್ಕಿಂತ 2014–2023ರಲ್ಲಿ ನೈಋತ್ಯ ಕರಾವಳಿಯಲ್ಲಿ ತಿಮಿಂಗಿಲ ದಡಕ್ಕೆ ಬೀಳುವುದು ಸುಮಾರು ಹತ್ತು ಪಟ್ಟು ಹೆಚ್ಚಿದ್ದು ಕಂಡಿತು, ಬಹುಪಾಲು ಆಗಸ್ಟ್‌ನಿಂದ ನವೆಂಬರ್ ನಡುವೆ. ಎಲ್ಲರ ಕೈಯಲ್ಲೂ ಮೊಬೈಲ್ ಬಂದು ಸುದ್ದಿ ಬೇಗ ಮುಟ್ಟುವುದೂ ಅದಕ್ಕೆ ಒಂದು ಕಾರಣ.

ಗಾಯ ಓದುವುದು ಬೇರೆಯೇ ವಿದ್ಯೆ. ಒಂದೇ ಅಂತರದಲ್ಲಿ ಸಾಲಾಗಿ ಕೊಯ್ದಿದ್ದರೆ ಅದು ಪ್ರೊಪೆಲರ್. ದೊಡ್ಡ ಹಡಗಿನ ಮೂತಿ ಬಡಿದರೆ ಹೊರಗೆ ಗೀರೂ ಇರದಿರಬಹುದು. ಆಗ ಕೊಬ್ಬಿನ ಪದರ ಬಿಡಿಸಿ ಒಳಗೆ ನೋಡಬೇಕು. ಎಲುಬು ಮುರಿದಿದ್ದು ಸುತ್ತಲಿನ ಮಾಂಸದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಜೀವವಿದ್ದಾಗ ಬಿದ್ದ ಪೆಟ್ಟು. ಹೆಪ್ಪಿಲ್ಲದಿದ್ದರೆ ಸತ್ತ ಮೇಲೆ ಬಂಡೆಗೋ ಜೆಸಿಬಿಗೋ ಸಿಕ್ಕಿ ಮುರಿದಿರಬಹುದು. ಕೊಳೆತದ್ದು ಹೆಚ್ಚಾದಷ್ಟು ಈ ವ್ಯತ್ಯಾಸ ಮಸುಕಾಗುತ್ತದೆ, ಆದ್ದರಿಂದಲೇ ಮೊದಲ ದಿನಕ್ಕೆ ಅಷ್ಟು ಬೆಲೆ. ಹಗ್ಗದ ಗುರುತನ್ನು ಮೂರು ಕಡೆ ಹುಡುಕುತ್ತೇನೆ: ಬಾಲದ ಬುಡ, ಬಾಯಿಯ ಮೂಲೆ, ಈಜುರೆಕ್ಕೆಯ ಸಂದು. ಹೊಟ್ಟೆಯಲ್ಲಿ ಇನ್ನೂ ಕರಗದ ಬೂತಾಯಿ ಮೀನು ಸಿಕ್ಕಿದರೆ ಪ್ರಾಣಿ ಸಾಯುವ ಸ್ವಲ್ಪ ಮೊದಲಿನವರೆಗೂ ಉಣ್ಣುತ್ತಿತ್ತು, ಬಹುದಿನದ ಕಾಯಿಲೆಯಲ್ಲ ಎಂದು ಊಹಿಸಬಹುದು. ಎರಡನೆಯ ತಿಮಿಂಗಿಲದ ಹೊಟ್ಟೆಯಲ್ಲಿ ಅದು ಸಿಕ್ಕಿತು. ಬಾಯಿಯ ಮೂಲೆಯಲ್ಲಿ ನೈಲಾನ್ ಹಗ್ಗ ಕೊರೆದ ಗಾಯವೂ ಸಿಕ್ಕಿತು. ಆ ಸಲ ‘ಬಲೆಗೆ ಸಿಕ್ಕಿದ ಶಂಕೆ’ ಎಂದು ಬರೆದೆ, ಫೋಟೊ ಲಗತ್ತಿಸಿದೆ.

ಚರ್ಮದ ಚೂರು ಆಲ್ಕೋಹಾಲಿಗೆ, ಡಿಎನ್‌ಎಗಾಗಿ. ಕೊಬ್ಬು ಫಾಯಿಲ್‌ನಲ್ಲಿ ಸುತ್ತಿ ಮಂಜಿಗೆ, ವಿಷವಸ್ತುಗಳ ಪರೀಕ್ಷೆಗೆ. ತಿಮಿಂಗಿಲದ ಕಿವಿಯ ಗುಗ್ಗೆಯಲ್ಲಿ ಮರದ ಉಂಗುರಗಳಂತೆ ಪದರಗಳಿದ್ದು ವಯಸ್ಸು ಹೇಳುತ್ತವೆ ಎಂದು ಓದಿದಾಗ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಇದೆಲ್ಲ ಅರಣ್ಯ ಇಲಾಖೆಯ ಅನುಮತಿಯಿಂದಲೇ ಆಗಬೇಕು. 1972ರ ವನ್ಯಜೀವಿ ಕಾಯಿದೆಯ ಒಂದನೇ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆಯ, ಪ್ರಾಣಿ ಇದು. ನೆನಪಿಗೆಂದು ಎಲುಬು ಒಯ್ಯುವಂತಿಲ್ಲ. ನಮ್ಮ ಕಡೆ ಪತ್ರಿಕೆಯಲ್ಲಿ ಆಗಾಗ ಬರುವ ‘ತಿಮಿಂಗಿಲ ವಾಂತಿ’ಯ (ಅಂಬರ್‌ಗ್ರಿಸ್) ಮಾರಾಟವೂ ಅಪರಾಧ. ದಡಕ್ಕೆ ಬಿದ್ದ ಕಡಲಜೀವಿಗಳ ಬಗ್ಗೆ ಕೇಂದ್ರ ಸರಕಾರ 2021ರಲ್ಲಿ ಮಾರ್ಗಸೂಚಿ ತಂದಿದೆ, ಈ ಕೆಲಸಕ್ಕೆ ಇಳಿಯುವವರು ಅದನ್ನು ಓದಲೇಬೇಕು.

ಸತ್ತದ್ದನ್ನು ನೋಡಿ ಏನು ಲಾಭ ಎಂದು ನನ್ನನ್ನು ಕೇಳಿದವರು ಬಹಳ. ಅಮೆರಿಕ, ಕೆನಡಾಗಳ ಪೂರ್ವ ಕರಾವಳಿಯಲ್ಲಿ ರೈಟ್ ಎಂಬ ಜಾತಿಯ ತಿಮಿಂಗಿಲಗಳು ಉಳಿದಿರುವುದು 400ಕ್ಕೂ ಕಡಿಮೆ. ಹಡಗು ಮತ್ತು ಹಗ್ಗಗಳೇ ಅವನ್ನು ಕೊಲ್ಲುತ್ತಿವೆ ಎಂದು ಗೊತ್ತಾದದ್ದು ದಡದಲ್ಲಿ ಕತ್ತಿ ಹಿಡಿದು ನಿಂತವರಿಂದ. 2003ರಲ್ಲಿ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗುದಾರಿಯನ್ನೇ ಸರಿಸಿದರು. 2008ರಿಂದ ಅಮೆರಿಕದಲ್ಲಿ ನಿಗದಿತ ಜಾಗ, ನಿಗದಿತ ಋತುವಿನಲ್ಲಿ ದೊಡ್ಡ ಹಡಗುಗಳು 10 ನಾಟ್ (ಗಂಟೆಗೆ ಸುಮಾರು 18.5 ಕಿ.ಮೀ.) ವೇಗ ಮೀರುವಂತಿಲ್ಲ. ನಮಗೆ ಹತ್ತಿರದ ಶ್ರೀಲಂಕಾದ ದಕ್ಷಿಣಕ್ಕೆ ನೀಲಿ ತಿಮಿಂಗಿಲಗಳು ಮೇಯುವ ಜಾಗದಲ್ಲೇ ಹಡಗುದಾರಿ ಹಾದಿದೆ. 2022ರಲ್ಲಿ ಎಂಎಸ್‌ಸಿ ಎಂಬ ದೊಡ್ಡ ಹಡಗು ಕಂಪನಿ ತನ್ನ ಹಡಗುಗಳನ್ನು ಇನ್ನೂ ದಕ್ಷಿಣಕ್ಕೆ ಸರಿಸಿತು.

ನಮ್ಮದೇ ಅರಬ್ಬಿ ಸಮುದ್ರದ ಕಥೆ ಇನ್ನೂ ಬಿಗಿ. ಇಲ್ಲಿನ ಹಂಪ್‌ಬ್ಯಾಕ್ ತಿಮಿಂಗಿಲಗಳು ವಲಸೆ ಹೋಗುವುದಿಲ್ಲ. ಬೇರೆ ಹಂಪ್‌ಬ್ಯಾಕ್‌ಗಳಿಂದ ಸುಮಾರು 70,000 ವರ್ಷ ಪ್ರತ್ಯೇಕವಾಗಿ ಉಳಿದ ಬಳಗ ಅದು. 1960ರ ದಶಕದಲ್ಲಿ ಸೋವಿಯತ್ ಹಡಗುಗಳು ಅವುಗಳಲ್ಲಿ 242ನ್ನು ಕಾನೂನು ಮೀರಿ ಕೊಂದವು. ಒಮಾನಿನ ಕಡೆ ಫೋಟೊಗಳಿಂದ ಮಾಡಿದ ಅಂದಾಜು ಬರೀ 82. ಅಲ್ಲಿ ಉಪಗ್ರಹ ಟ್ಯಾಗ್ ಹಾಕಿದ ‘ಲುಬಾನ್’ ಎಂಬ ಹೆಣ್ಣು 2017ರ ಕೊನೆಗೆ ಕಡಲು ದಾಟಿ ಭಾರತದ ಪಶ್ಚಿಮ ಕರಾವಳಿಗೆ ಬಂದು ದಕ್ಷಿಣಕ್ಕೆ ಸಾಗಿತು. ಅರಬ್ಬಿಯಲ್ಲಿ ಲುಬಾನ್ ಎಂದರೆ ಸಾಂಬ್ರಾಣಿ. ಆ ದಾರಿಯ ನಕ್ಷೆ ನೋಡಿದ ದಿನದಿಂದ ಮಂಜೇಶ್ವರದ ಕಡಲು ನನಗೆ ಬೇರೆಯಾಗಿ ಕಾಣುತ್ತದೆ.

ಮೀನುಗಾರರ ಸಭೆಯಲ್ಲಿ ನಾನು ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಮನುಷ್ಯರಿಂದ ಎಷ್ಟು ಸಾವಾದರೆ ಒಂದು ಬಳಗ ತಾಳಿಕೊಂಡೀತು ಎಂದು ಅಮೆರಿಕದವರು ಬಳಸುವ ಸೂತ್ರ ಅದು. ಈ ಹಂಪ್‌ಬ್ಯಾಕ್‌ಗಳ ಕನಿಷ್ಠ ಸಂಖ್ಯೆಯನ್ನು 70 ಎಂದು ಹಿಡಿಯಿರಿ. ಅದನ್ನು ಬಳಗ ವರ್ಷಕ್ಕೆ ಬೆಳೆಯಬಲ್ಲ ಗರಿಷ್ಠ ದರದ ಅರ್ಧವಾದ 0.02ರಿಂದ, ಅಳಿವಿನಂಚಿನದಾದ್ದರಿಂದ ಮತ್ತೆ 0.1ರಿಂದ ಗುಣಿಸಿ. ಬರುವುದು ವರ್ಷಕ್ಕೆ 0.14. ಅಂದರೆ ಏಳು ವರ್ಷಕ್ಕೆ ಒಂದು. ಕರಾಚಿಯಿಂದ ಕನ್ಯಾಕುಮಾರಿವರೆಗೆ, ಆಚೆ ಒಮಾನಿನವರೆಗೆ, ಎಲ್ಲರ ಬಲೆ, ಎಲ್ಲರ ಹಡಗು ಸೇರಿ ಏಳು ವರ್ಷಕ್ಕೆ ಒಂದು. ಮೊದಲ ಸಲ ಹೇಳಿದಾಗ ಬಲೆ ಹೆಣೆಯುತ್ತಿದ್ದವರ ಕೈ ನಿಂತಿತು.

ನೀರಿನಲ್ಲಿ ಗೋಡೆಯಂತೆ ತೂಗುವ ಬೀಡುಬಲೆಯವರ ಜೊತೆ ಮಾತು ಸುಲಭವಲ್ಲ. ಪಾಕಿಸ್ತಾನದ ಟ್ಯೂನಾ ದೋಣಿಗಳು ಬಲೆಯ ಮೇಲ್ಹಗ್ಗವನ್ನು ನೀರಿನ ಮೇಲ್ಮೈಯಿಂದ ಎರಡು ಮೀಟರ್ ಕೆಳಗಿಳಿಸಿದಾಗ ಡಾಲ್ಫಿನ್–ತಿಮಿಂಗಿಲ ಜಾತಿ ಸಿಕ್ಕಿಬೀಳುವುದು ಬಹಳ ಕಡಿಮೆಯಾಯಿತು ಎಂದೆ. ಮೀನೂ ಒಂದಿಷ್ಟು ಕಡಿಮೆಯಾಗಬಹುದೆಂಬುದನ್ನು ಮುಚ್ಚಿಡಲಿಲ್ಲ. “ಡೀಸೆಲ್ ಸಾಲ ಯಾರು ಕಟ್ಟುವುದು?” ಎಂದರು. ನ್ಯಾಯವಾದ ಪ್ರಶ್ನೆ. ಮಹಾರಾಷ್ಟ್ರದಲ್ಲಿ ಸಂರಕ್ಷಿತ ಜೀವಿಯನ್ನು ಬಿಡಿಸಲು ಬಲೆ ಕಡಿದರೆ 25,000 ರೂಪಾಯಿವರೆಗೆ ಪರಿಹಾರ ಕೊಡುವ ಏರ್ಪಾಡು ಇದೆ. ಅಂಥದ್ದಿಲ್ಲದೆ ಬಡವನ ಬಲೆಗೆ ಕತ್ತಿ ಹಾಕಿಸುವ ಯೋಜನೆ ನಿಲ್ಲದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೂರು ದೋಣಿಯವರು ಮಾತ್ರ ಹಗ್ಗ ಇಳಿಸಿ ನೋಡಲು ಒಪ್ಪಿದ್ದಾರೆ.

ಒಂದು ಮಾತನ್ನು ಮಾತ್ರ ಎಲ್ಲರೂ ಒಪ್ಪಿದರು. ಜೀವಂತ ತಿಮಿಂಗಿಲ ಸಿಕ್ಕಿಬಿದ್ದರೆ ನೀರಿಗೆ ಇಳಿಯುವುದಿಲ್ಲ, ಎಟಕುವ ಹಗ್ಗವನ್ನು ಕಡಿದು ಕೈತೊಳೆದುಕೊಳ್ಳುವುದಿಲ್ಲ. ತೇಲುವ ತುದಿ ಹೋದರೆ ಬಿಗಿದ ಕುಣಿಕೆ ಮೈಯಲ್ಲೇ ಉಳಿಯುತ್ತದೆ, ಮತ್ತೆ ಆ ತಿಮಿಂಗಿಲವನ್ನು ಹುಡುಕುವುದು ಕಷ್ಟ. ಮೊದಲು ಕರೆ ಮಾಡುವುದು, ದೂರದಲ್ಲಿ ಜೊತೆಗಿರುವುದು.

ನಮ್ಮಲ್ಲಿ ಸರಕಾರಿ ನಮೂನೆಗಳು ಬರುವುದು ಮಲಯಾಳದಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ಉಪ್ಪಳ, ಮಂಜೇಶ್ವರದ ಹಳಬರು ಓದುವುದು ಕನ್ನಡ. ಆದ್ದರಿಂದ ಒಂದು ಪುಟದ ಕನ್ನಡ ನಮೂನೆ ಮಾಡಿದೆ, ತಿಮಿಂಗಿಲದ ಎರಡೂ ಮಗ್ಗುಲಿನ ರೇಖಾಚಿತ್ರ, ಗಾಯ ಕಂಡಲ್ಲಿ ಗೀಟು ಹಾಕಲು ಜಾಗ. ಮಗಳು ಚಿತ್ರ ಬರೆದುಕೊಟ್ಟಳು. ಪ್ಲಾಸ್ಟಿಕ್ ಹೊದಿಸಿದ ಪ್ರತಿಗಳು ದೋಣಿಗಳಲ್ಲಿವೆ.

ಕಳೆದ ಮಳೆಗಾಲದ ಕೊನೆಗೆ ಬೆಳಗಿನ ಐದಕ್ಕೆ ಫೋನು ಬಂತು. ಮಾರುಕಟ್ಟೆಯಲ್ಲಿ ನನ್ನನ್ನು ಕೇಳಿದ್ದ ಅದೇ ಹಿರಿಯರು. “ಎಡ ಮಗ್ಗುಲು ತೆರೆಗೆ ಮುಚ್ಚುವ ಮೊದಲು ಗೀಟು ಹಾಕಿದ್ದೇನೆ. ಜೆಸಿಬಿ ಬಂದಿದೆ, ನಿಲ್ಲಿಸಿದ್ದೇನೆ. ನೀವು ಬನ್ನಿ.”